ಬೆನ್ನ ಹಿಂದಿನ ಗಂಟು

ಟೋಕಿಯೋದ ಪೂರ್ವಭಾಗದ ಕಾಮೆಯಿದೊ ತೆಂಜಿನ್ ದೇವಸ್ಥಾನದ ಕೊಳದ ಮೇಲೆ ಕಮಾನಾಗಿ ಬಾಗಿದ ಸೇತುವೆಯೊಂದಿದೆ. ಚಿತ್ರಕಾರ ಹಿರೋಶಿಗೆ ಅದನ್ನು ಜೋತುಬಿದ್ದ ನೇರಳೆ ಹೂಗೊಂಚಲುಗಳ ಹಿಂದೆ ಬರೆದಿದ್ದಾನೆ. ಈಗ ಇರುವುದು ಕಾಂಕ್ರೀಟಿನದು, ಆಗ ಇದ್ದದ್ದು ಮರದ್ದು. 1817ರಲ್ಲಿ ಆ ಮರದ ಸೇತುವೆಯನ್ನು ಹೊಸದಾಗಿ ಕಟ್ಟಿದಾಗ ಗೆಯಿಶಾಗಳು ತಮ್ಮ ಓಬಿಯನ್ನು, ಎಂದರೆ ನಡುವಿಗೆ ಸುತ್ತುವ ಅಗಲ ಪಟ್ಟಿಯನ್ನು, ಬೆನ್ನ ಮೇಲೆ ಅದೇ ಕಮಾನಿನ ಹಾಗೆ ಉಬ್ಬಿಸಿ ಕಟ್ಟಿಕೊಂಡು ಸಂಭ್ರಮಕ್ಕೆ ಬಂದರೆಂದು ಹೇಳುತ್ತಾರೆ. ಇವತ್ತು ಕಿಮೋನೊ ಉಟ್ಟ ಹೆಂಗಸಿನ ಬೆನ್ನ ಮೇಲೆ ನಾವು ಕಾಣುವ ತಾಯಿಕೊ ಗಂಟು ಅದೇ. ಜಪಾನೆಂದರೆ ಸಾವಿರಾರು ವರ್ಷ ಹೀಗೇ ಉಟ್ಟುಕೊಂಡು ಬಂದಿದೆ ಎಂದು ನಂಬಿಕೊಂಡಿದ್ದ ನನಗೆ, ಆ ಗಂಟಿಗೆ ಒಂದು ಊರು, ಒಂದು ಕೇರಿ, ಒಂದು ಇಸವಿ ಇದೆ ಎಂದು ಹೇಳಿದವರು ಕ್ಯೋಟೋದಲ್ಲಿ ನಮಗೆ ಕಿಮೋನೊ ಉಡುವುದನ್ನು ಕಲಿಸುವ ಗುರು, ನಮ್ಮ ಸೆನ್ಸೆ.

ಅವರ ಮನೆ ನಿಶಿಜಿನ್‌ನ ಒಂದು ಕಿರುಗಲ್ಲಿಯಲ್ಲಿದೆ. ಮುಂದೆ ಕಿರಿದಾಗಿ ಹಿಂದಕ್ಕೆ ಉದ್ದವಾಗಿ ಹೋಗುವ ಹಳೆಯ ನೇಕಾರ ಮನೆ. ಒಳಕೋಣೆಯ ಚಾಪೆಯ ಮೇಲೆ ಕಲಿಯಲು ಬಂದ ನಾವು ಮೊದಲು ನಮ್ಮ ನಮ್ಮ ಸಾಮಾನುಗಳನ್ನು ಬಳಸುವ ಕ್ರಮದಲ್ಲೇ ಸಾಲಾಗಿ ಹರಡಿಕೊಳ್ಳಬೇಕು: ಹೆಬ್ಬೆರಳು ಬೇರೆಯಾಗಿರುವ ಬಿಳಿಯ ತಾಬಿ ಕಾಲುಚೀಲ, ಒಳ ಅಂಗಿ, ನಡುವಿನ ತಗ್ಗು ತುಂಬಲು ಮಡಿಸಿದ ಟವೆಲುಗಳು, ಕಿಮೋನೊದ ಒಳಗೆ ಧರಿಸುವ ನಾಗಾಜುಬಾನ್, ಕೋಶಿಹಿಮೊ ಎಂಬ ಕಟ್ಟುದಾರಗಳು, ದಾತೆಜಿಮೆ ಎಂಬ ಅಗಲ ಪಟ್ಟಿ, ಕಿಮೋನೊ, ಓಬಿ, ಓಬಿಯೊಳಗೆ ಇಡುವ ಪುಟ್ಟ ದಿಂಬು, ಆ ದಿಂಬನ್ನು ಮುಚ್ಚುವ ರೇಷ್ಮೆವಸ್ತ್ರ ಓಬಿಅಗೆ, ಎಲ್ಲದರ ಮೇಲೆ ಕಟ್ಟುವ ಹೆಣೆದ ಹುರಿ ಓಬಿಜಿಮೆ. ತಾಬಿಯನ್ನು ಮೊದಲೇ ಹಾಕಿಕೊಳ್ಳಬೇಕು, ಓಬಿ ಬಿಗಿದ ಮೇಲೆ ಬಗ್ಗಲು ಆಗುವುದಿಲ್ಲ. ಗುಂಡಿಯಿಲ್ಲ, ಕೊಂಡಿಯಿಲ್ಲ. ಎಲ್ಲವೂ ದಾರ, ಮಡಿಕೆ, ಬಿಗಿತಗಳ ಮೇಲೆ ನಿಂತಿದೆ.

ಸೆನ್ಸೆಯ ಮೊದಲ ಪಾಠ ಎಡ ಬಲದ್ದು. ಉಟ್ಟವರ ಎಡಮಗ್ಗುಲು ಮೇಲೆ ಬರಬೇಕು, ಬಲಮಗ್ಗುಲು ಒಳಗೆ ಹೋಗಬೇಕು. ತಿರುಗುಮುರುಗಾಗಿ ಉಡಿಸುವುದು ಸತ್ತವರಿಗೆ ಮಾತ್ರ. ಇದು ಬಾಯಿಂದ ಬಾಯಿಗೆ ಬಂದ ರೂಢಿಯಲ್ಲ, ರಾಜಾಜ್ಞೆ. 719ರಲ್ಲಿ, ಗೆನ್‌ಶೋ ಎಂಬ ಮಹಾರಾಣಿ ಆಳುತ್ತಿದ್ದಾಗ, ದೇಶದ ಜನರೆಲ್ಲ ಬಲಮಗ್ಗುಲನ್ನು ಒಳಗಿಟ್ಟು ಉಡಬೇಕೆಂದು ಅಪ್ಪಣೆಯಾಯಿತು. ಚೀನಾದ ತಾಂಗ್ ಆಸ್ಥಾನದ ಪದ್ಧತಿಯನ್ನು ಜಪಾನು ಶ್ರದ್ಧೆಯಿಂದ ಅನುಸರಿಸುತ್ತಿದ್ದ ಕಾಲ ಅದು. ಅಂದಿನಿಂದ ಇಂದಿನವರೆಗೆ ಒಂದಿಷ್ಟೂ ಬದಲಾಗದೆ ಉಳಿದಿರುವ ನಿಯಮ, ನನಗೆ ತಿಳಿದಂತೆ, ಇದೊಂದೇ. ಉಳಿದದ್ದೆಲ್ಲ ಮತ್ತೆ ಮತ್ತೆ ಬದಲಾಗಿದೆ.

ಉಡಿಸುವುದು ಒಂದು ವಿದ್ಯೆ ಅನ್ನಿಸಿಕೊಂಡದ್ದು ಅರಮನೆಯಲ್ಲಿ. 12ನೇ ಶತಮಾನದ ಮೊದಲರ್ಧದಲ್ಲಿ, ತೊಬಾ ಚಕ್ರವರ್ತಿಯ ಕಾಲಕ್ಕೆ, ಆಸ್ಥಾನದ ಉಡುಪುಗಳನ್ನು ಬಿರುಸಾಗಿ, ಕೋನಗಳು ಎದ್ದು ಕಾಣುವಂತೆ ಮಾಡುವ ಚಾಲ್ತಿ ಬಂತು. ಬಿರುಸಾದ ಬಟ್ಟೆಯನ್ನು ತಾನೇ ಉಟ್ಟುಕೊಳ್ಳುವುದು ಆಗದ ಮಾತು. ಮಿನಾಮೊತೊ ನೊ ಅರಿಹಿತೊ ಎಂಬ ಶ್ರೀಮಂತ ಅದನ್ನು ಉಡಿಸುವ ಕ್ರಮವನ್ನು ರೂಪಿಸಿದ. ಆ ವಿದ್ಯೆ ಕಾಲಕ್ರಮದಲ್ಲಿ ತಾಕಾಕುರಾ ಮತ್ತು ಯಾಮಾಶಿನಾ ಎಂಬ ಎರಡು ಮನೆತನಗಳಲ್ಲಿ ನೆಲೆನಿಂತಿತು. ಇಂದಿಗೂ ಆ ಎರಡು ಪರಂಪರೆಗಳು ಬದುಕಿವೆ. ಒಬ್ಬರಿಗೆ ಉಡಿಸಲು ಇಬ್ಬರು ಬೇಕು, ಮುಂದೊಬ್ಬರು, ಹಿಂದೊಬ್ಬರು. ಜೂನಿಹಿತೊಯೆ ಎಂಬ ಹಲವು ಪದರಗಳ ರಾಣಿ ಉಡುಪನ್ನು ಉಡಿಸುವುದನ್ನು ಕ್ಯೋಟೋದ ಒಂದು ಪ್ರದರ್ಶನದಲ್ಲಿ ನಾನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ಒಂದು ಪದರ ಹೊದಿಸಿ ದಾರ ಕಟ್ಟುತ್ತಾರೆ. ಅದರ ಮೇಲೆ ಮತ್ತೊಂದು ಹೊದಿಸಿ ಇನ್ನೊಂದು ದಾರ ಕಟ್ಟಿದ ಮೇಲೆ ಒಳಗಿನ ದಾರವನ್ನು ಮೆಲ್ಲಗೆ ಎಳೆದು ತೆಗೆಯುತ್ತಾರೆ, ಅದೇ ದಾರ ಮುಂದಿನ ಪದರಕ್ಕೆ. ಎರಡೇ ಎರಡು ದಾರಗಳಲ್ಲಿ ಅಷ್ಟೂ ಬಟ್ಟೆ ಮೈಮೇಲೆ ನಿಲ್ಲುತ್ತದೆ. 1959ರ ಏಪ್ರಿಲ್‌ನಲ್ಲಿ ಯುವರಾಜನನ್ನು ಮದುವೆಯಾದ ಶೋದಾ ಮಿಚಿಕೊ ಉಟ್ಟದ್ದು, 2019ರ ಪಟ್ಟಾಭಿಷೇಕದಲ್ಲಿ ಮಹಾರಾಣಿ ಮಾಸಾಕೊ ಉಟ್ಟದ್ದು ಇದೇ ಉಡುಪು.

ಆದರೆ ನಾವು ಕಿಮೋನೊ ಅನ್ನುವುದು ಆ ಪದರಗಳ ತೀರ ಒಳಗಿನದು. ಕೊಸೊದೆ ಎಂಬ ಒಳ ಅಂಗಿ ಸಾಮಾನ್ಯರಿಗೆ ಹೊರ ಉಡುಪೂ ಆಗಿತ್ತು. ಮುರೋಮಾಚಿ ಕಾಲಕ್ಕೆ ಮೇಲುವರ್ಗದವರೂ ಅದನ್ನೇ ಹೊರಗೆ ಉಡತೊಡಗಿದರು. ಆಗ ನಡುವಿಗೆ ಕಟ್ಟುತ್ತಿದ್ದದ್ದು ಬೆರಳಗಲದ ಪಟ್ಟಿ, ಇಲ್ಲವೇ ಹೆಣೆದ ಹುರಿ. ಬಟ್ಟೆ ಜಾರದಂತೆ ಹಿಡಿಯುವುದಷ್ಟೇ ಅದರ ಕೆಲಸ. ಅದನ್ನು ಒಂದು ಅಡಿಯಷ್ಟು ಅಗಲಕ್ಕೆ ಬೆಳೆಸಿದವರು ಎದೊ ಕಾಲದ, ಎಂದರೆ ಟೋಕಿಯೋಗೆ ಎದೊ ಎಂಬ ಹೆಸರಿದ್ದ ಕಾಲದ, ಪೇಟೆಯ ಜನ, ಅವರಿಗೆ ದಾರಿ ತೋರಿಸಿದವರು ಕಬುಕಿ ರಂಗದಲ್ಲಿ ಹೆಣ್ಣು ವೇಷ ಕಟ್ಟುತ್ತಿದ್ದ ಗಂಡಸರು. 1670ರ ದಶಕದಲ್ಲಿ ಕಾಮಿಮುರಾ ಕಿಚಿಯಾ ಎಂಬ ನಟ ಅಗಲದ ಓಬಿಯ ತುದಿಗಳನ್ನು ಇಳಿಬಿಟ್ಟು ಗಂಟು ಹಾಕಿ ರಂಗಕ್ಕೆ ಬಂದ. ಊರಿನ ಹೆಣ್ಣುಮಕ್ಕಳೆಲ್ಲ ಕಿಚಿಯಾ ಗಂಟು ಹಾಕತೊಡಗಿದರು. ಹಿಶಿಕಾವಾ ಮೊರೊನೊಬು ಬರೆದ, ಹಿಂತಿರುಗಿ ನೋಡುವ ಚೆಲುವೆಯ ಪ್ರಸಿದ್ಧ ಚಿತ್ರದಲ್ಲಿ ಕೆಂಪು ಕಿಮೋನೊದ ಬೆನ್ನ ಮೇಲಿರುವುದು ಅದೇ ಗಂಟು. ಓಬಿಯ ಗಂಟು ಮುಂದೆಯೂ ಇತ್ತು, ಪಕ್ಕಕ್ಕೂ ಇತ್ತು, ಹಿಂದೆಯೂ ಇತ್ತು. ಅಗಲವಾಗುತ್ತ ಹೋದಂತೆ ಮುಂದೆ ಕಟ್ಟಿಕೊಂಡು ಮನೆಗೆಲಸ ಮಾಡುವುದು ಕಷ್ಟವಾಗಿ ಬೆನ್ನಿಗೆ ಹೋಗಿ ನಿಂತಿತು.

ಇದೆಲ್ಲ ಸರ್ಕಾರದ ಕಣ್ಣು ತಪ್ಪಿಸಿ ನಡೆದದ್ದಲ್ಲ. 1681ರಲ್ಲಿ ಇಶಿಕಾವಾ ರೊಕುಬೆಯಿ ಎಂಬ ಎದೊ ವ್ಯಾಪಾರಿಯ ಹೆಂಡತಿ ದೇಶವಾಳುತ್ತಿದ್ದ ಶೋಗನ್ ತ್ಸುನಾಯೋಶಿಯ ಮೆರವಣಿಗೆಯ ದಾರಿಯಲ್ಲಿ ತೀರ ವೈಭವದಿಂದ ಉಟ್ಟು ನಿಂತಳು. ಆ ಕುಟುಂಬದ ಆಸ್ತಿ ಮುಟ್ಟುಗೋಲಾಗಿ ಗಂಡ ಹೆಂಡತಿ ಊರುಬಿಟ್ಟು ಹೋಗಬೇಕಾಯಿತು. ಎರಡು ವರ್ಷದ ಮೇಲೆ, 1683ರಲ್ಲಿ, ಹೆಂಗಸರ ಬಟ್ಟೆಯಲ್ಲಿ ಜರಿಯ ಕಸೂತಿಯನ್ನೂ ಇಡೀ ಬಟ್ಟೆಗೆ ಚುಕ್ಕೆಚುಕ್ಕೆಯಾಗಿ ಗಂಟು ಕಟ್ಟಿ ಬಣ್ಣ ಅದ್ದುವುದನ್ನೂ ನಿಷೇಧಿಸಿದರು. ಅದೇ ಕಾಲಕ್ಕೆ ಕ್ಯೋಟೋದಲ್ಲಿ ಮಿಯಾಜಾಕಿ ಯೂಜೆನ್ ಎಂಬ ಬೀಸಣಿಗೆ ಚಿತ್ರಗಾರನ ಹೆಸರಿನ ಬಣ್ಣಗಾರಿಕೆ ಮೇಲೆದ್ದಿತು. ಅಕ್ಕಿಯ ಅಂಟನ್ನು ಗೆರೆಗೆರೆಯಾಗಿ ಎಳೆದು, ಬಣ್ಣ ಹರಡದಂತೆ ತಡೆದು, ಒಳಗೆ ಕುಂಚದಿಂದ ತುಂಬುವ ಕೆಲಸ. ಚಿನ್ನದ ದಾರ ಬೇಡವೆಂದ ಕಾನೂನಿಗೆ ಪೇಟೆ ಕೊಟ್ಟ ಉತ್ತರ ಅದು ಎಂದೇ ನಾನು ಓದಿಕೊಂಡಿದ್ದೇನೆ.

ಕಾಮೆಯಿದೊ ಸೇತುವೆಯ ಗಂಟು ಬಂದಮೇಲೆ ಕಿಮೋನೊ ಉಡುವ ಕೈಕೆಲಸವೇ ಬೇರೆಯಾಯಿತು. ಅಲ್ಲಿಯವರೆಗೆ ಓಬಿಯನ್ನು ಓಬಿಯಿಂದಲೇ ಗಂಟು ಹಾಕುತ್ತಿದ್ದರು. ತಾಯಿಕೊ ಹೆಸರಿಗೆ ಗಂಟು, ನಿಜದಲ್ಲಿ ಮಡಿಕೆ. ಬೇರೆ ದಾರವೊಂದು ಹಿಡಿಯದಿದ್ದರೆ ಬಿಚ್ಚಿಕೊಂಡು ಕೆಳಗೆ ಬೀಳುತ್ತದೆ. ಓಬಿಜಿಮೆ, ಓಬಿಅಗೆ, ದಿಂಬು ಮೂರೂ ಆ ಒಂದು ಆಕಾರವನ್ನು ನಿಲ್ಲಿಸಲು ಹುಟ್ಟಿಕೊಂಡವು. 1876ರಲ್ಲಿ ಮೇಯಿಜಿ ಸರ್ಕಾರ ಸಾಮುರಾಯಿಗಳು ಖಡ್ಗ ಧರಿಸುವುದನ್ನು ನಿಲ್ಲಿಸಿತಲ್ಲ, ಆಗ ಖಡ್ಗದ ಒರೆಗೆ ಹುರಿ ಹೆಣೆಯುತ್ತಿದ್ದ ಕುಶಲಿಗಳು ಅನ್ನವಿಲ್ಲದೆ ಕೂತರು. ಅವರ ಕೈಹಿಡಿದದ್ದು ಹೆಂಗಸರ ಓಬಿ. ಸೆನ್ಸೆಯ ಬಳಿ ಅವರ ಅಜ್ಜಿಯ ಓಬಿಜಿಮೆಯೊಂದಿದೆ, ಚಪ್ಪಟೆಯಾಗಿ ಒತ್ತಾಗಿ ಹೆಣೆದದ್ದು. ಅದನ್ನು ಎಳೆದು ಬಿಗಿದಾಗ ಕಿರ್ರೆಂದು ಸಣ್ಣದಾಗಿ ಸದ್ದಾಗುತ್ತದೆ, ಬಿಟ್ಟರೆ ಒಂದಿಂಚೂ ಹಿಂದಕ್ಕೆ ಜಾರುವುದಿಲ್ಲ.

ಓಬಿಯ ನೇಯ್ಗೆಯ ಊರು ನಿಶಿಜಿನ್. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧ ಕ್ಯೋಟೋವನ್ನು ಸುಟ್ಟು ಬೂದಿ ಮಾಡಿತು. ಚೆದುರಿಹೋದ ನೇಕಾರರು ಹಿಂತಿರುಗಿ ಬಂದು ಪಶ್ಚಿಮದ ಸೇನೆ ಬೀಡುಬಿಟ್ಟಿದ್ದ ಜಾಗದ ಸುತ್ತ ಮಗ್ಗ ಹೂಡಿದರು. ನಾಲ್ಕು ಶತಮಾನ ಕಳೆದ ಮೇಲೆ ರಾಜಧಾನಿ ಟೋಕಿಯೋಗೆ ಹೋಯಿತು, ಆಸ್ಥಾನವೂ ಅದರ ಗಿರಾಕಿಗಳೂ ಹೋದರು. ಆಗ ಈ ಊರು ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1872ರಲ್ಲಿ ಸಾಕುರಾ ತ್ಸುನೆಶಿಚಿ, ಇನೋವೆ ಇಹೆಯಿ, ಯೋಶಿದಾ ಚೂಶಿಚಿ ಎಂಬ ಮೂವರನ್ನು ಕ್ಯೋಟೋ ಆಡಳಿತ ಫ್ರಾನ್ಸಿನ ಲಿಯೋಂ ನಗರಕ್ಕೆ ಕಳಿಸಿತು. ಅಲ್ಲಿ ಅವರು ರಟ್ಟಿನ ತೂತುಗಳೇ ಹಾಸಿನ ಎಳೆಗಳನ್ನು ಎತ್ತಿಳಿಸುವ ಜಕಾರ್ಡ್ ಮಗ್ಗವನ್ನು ಕಲಿತರು. ಅದಕ್ಕೂ ಮುಂಚೆ ಹೂಬಳ್ಳಿ ನೇಯಲು ಮಗ್ಗದ ಮೇಲೆ ಇನ್ನೊಬ್ಬರು ಹತ್ತಿ ಕೂತು, ನೇಯುವವರು ಕೂಗಿದಂತೆ ಎಳೆಗಳನ್ನು ಎತ್ತಬೇಕಿತ್ತು. ಸಾಕುರಾ ಮತ್ತು ಇನೋವೆ 1873ರ ಕೊನೆಯ ಹೊತ್ತಿಗೆ ಯಂತ್ರಗಳೊಡನೆ ಮರಳಿದರು. ಇನ್ನಷ್ಟು ಕಲಿಯಲು ಉಳಿದಿದ್ದ ಯೋಶಿದಾ ಮರುವರ್ಷ ಹೊರಟ. ಅವನಿದ್ದ ಫ್ರೆಂಚ್ ಹಡಗು 1874ರ ಮಾರ್ಚಿಯಲ್ಲಿ ಇಜು ತೀರದ ಬಳಿ, ಸ್ವದೇಶ ಕಣ್ಣಿಗೆ ಬಿದ್ದ ಮೇಲೆ, ಮುಳುಗಿತು. ಅವನು ಊರು ಸೇರಲಿಲ್ಲ. ಇವತ್ತು ಕ್ಯೋಟೋದ ಅಂಗಡಿಯಲ್ಲಿ ಬಂಗಾರದ ಹೂವಿನ ಓಬಿಯನ್ನು ಕಂಡಾಗಲೆಲ್ಲ ನನಗೆ ಮೊದಲು ನೆನಪಾಗುವುದು ಯೋಶಿದಾ.

ಜಪಾನಿನ ರೇಷ್ಮೆಗೂ ನನ್ನ ಊರಿಗೂ ನಂಟಿದೆ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್ಷೆಡ್‌ಜಿ ಟಾಟಾ ಜಪಾನಿನ ರೇಷ್ಮೆ ಸಾಕಣೆಯನ್ನು ನೋಡಿ, ಅಲ್ಲಿಯ ತಜ್ಞರನ್ನು ಕರೆಸಿ, ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿ ಕಡೆಯವರು ಟಾಟಾ ಸಿಲ್ಕ್ ಫಾರ್ಮ್ ಎಂದು ಇಂದಿಗೂ ಬಸ್ಸಿಳಿಯುವುದು ಆ ಜಾಗದಲ್ಲೇ. ನಾನು ಬೆಳೆದದ್ದು ಅದರ ಪಕ್ಕದ ಬೀದಿಯಲ್ಲಿ. ಇದನ್ನು ಹೇಳಿದಾಗ ಸೆನ್ಸೆ ಎದ್ದುಹೋಗಿ ಒಂದು ಹಳೆಯ ನಕ್ಷೆ ತಂದು, "ವಸುಧಾ ಸಾನ್, ಎಲ್ಲಿದೆ ತೋರಿಸಿ" ಅಂದರು.

ಕಲಿಯುವವರು ಮೊದಲು ಕಟ್ಟುವುದು ನಾಗೋಯಾ ಓಬಿ. ಸುಮಾರು ಮೂರೂವರೆ ಮೀಟರ್ ಉದ್ದ, ನಡುವಿಗೆ ಸುತ್ತುವ ಭಾಗವನ್ನು ಮೊದಲೇ ಅರ್ಧಕ್ಕೆ ಮಡಿಸಿ ಹೊಲಿದಿರುತ್ತದೆ. ಅದಕ್ಕೆ ಹಿಂದಿನ ಮಾರು ಓಬಿ ಎರಡು ಪದರದ ಭಾರಿ ಬಟ್ಟೆ, ಒಬ್ಬಳೇ ಕಟ್ಟಿಕೊಳ್ಳುವುದು ಪ್ರಯಾಸ. ತಾಯಿಶೋ ಕಾಲದಲ್ಲಿ, ಎಂದರೆ 1912ರಿಂದ 1926ರ ನಡುವೆ, ನಾಗೋಯಾದಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿದ ಕೊಶಿಹಾರಾ ಹಾರುಕೊ ಈ ಹೊಸ ಓಬಿಯನ್ನು ಹೊಲಿದರು. ಬೆಳಿಗ್ಗೆ ಎದ್ದು ಪಾಠಕ್ಕೆ ಓಡಬೇಕಾದ ಹೆಂಗಸಿನ ಬುದ್ಧಿ ಅದರ ಪ್ರತಿ ಹೊಲಿಗೆಯಲ್ಲೂ ಇದೆ. ಅದೇ ಹಾರುಕೊ 1946ರ ಏಪ್ರಿಲ್‌ನಲ್ಲಿ, ಜಪಾನಿನ ಹೆಂಗಸರು ಮೊದಲ ಸಲ ಮತ ಹಾಕಿದ ಚುನಾವಣೆಯಲ್ಲಿ, ಗೆದ್ದು ಸಂಸತ್ತಿಗೆ ಹೋದ 39 ಮಹಿಳೆಯರಲ್ಲಿ ಒಬ್ಬರು. ಓಬಿ ಹೆಣ್ಣನ್ನು ಕಟ್ಟಿಹಾಕಿತು ಎಂದು ಸುಲಭವಾಗಿ ಬರೆದುಬಿಡುವವರು ಈ ಹೆಂಗಸನ್ನು ತಿಳಿದುಕೊಳ್ಳಬೇಕು.

ಹಾಗಾದರೆ ಉಡುವುದನ್ನು ಹಿಂದಿನವರು ಎಲ್ಲಿ ಕಲಿತರು? ಎಲ್ಲೂ ಇಲ್ಲ. ನಮ್ಮಲ್ಲಿ ಹುಡುಗಿಯರು ಸೀರೆಯ ನೆರಿಗೆ ಹಿಡಿಯುವುದನ್ನು ಅಮ್ಮ ಅತ್ತೆಯರನ್ನು ನೋಡಿ ಕಲಿತ ಹಾಗೆಯೇ ಅಲ್ಲಿಯೂ. 1925ರ ಬೇಸಿಗೆಯ ಮೊದಲಲ್ಲಿ ಕೊನ್ ವಾಜಿರೊ ಎಂಬ ವಾಸ್ತುಶಿಲ್ಪಿ ಟೋಕಿಯೋದ ಗಿಂಜಾ ಬೀದಿಯಲ್ಲಿ ನಿಂತು ಹೋಗಿಬರುವವರ ಉಡುಪನ್ನು ಎಣಿಸಿದ. ಗಂಡಸರಲ್ಲಿ ನೂರಕ್ಕೆ 67 ಮಂದಿ ಪಾಶ್ಚಾತ್ಯ ಉಡುಪಿನಲ್ಲಿದ್ದರು, ಹೆಂಗಸರಲ್ಲಿ ನೂರಕ್ಕೆ ಒಬ್ಬಳು. ದೇಶದ ಅತ್ಯಂತ ಆಧುನಿಕ ಬೀದಿಯಲ್ಲಿಯೇ ಹೆಚ್ಚುಕಡಿಮೆ ಹೆಂಗಸರೆಲ್ಲ ಕಿಮೋನೊದಲ್ಲಿದ್ದರು ಎಂದಮೇಲೆ ಅದನ್ನು ಯಾರು ಯಾರಿಗೆ ಹೇಳಿಕೊಡಬೇಕಿತ್ತು! ಆ ಕಾಲದ ಛಾಯಾಚಿತ್ರಗಳನ್ನು ನೋಡಿ. ಕೊರಳಪಟ್ಟಿ ಸಡಿಲ, ಓಬಿ ಕೊಂಚ ಕೆಳಗೆ, ನಡುವಿನ ಮಡಿಕೆ ಡೊಂಕು. ಆ ಮಡಿಕೆಗೆ ಒಹಾಶೊರಿ ಅನ್ನುತ್ತಾರೆ. ಕಿಮೋನೊವನ್ನು ಉಟ್ಟವರ ಎತ್ತರದಷ್ಟೇ ಉದ್ದ ಹೊಲಿಯುತ್ತಾರೆ, ಹೆಚ್ಚಾದದ್ದು ಓಬಿಯ ಕೆಳಗೆ ಮಡಿಕೆಯಾಗುತ್ತದೆ. ಎದೊ ಕಾಲದ ಉಳ್ಳವರ ಮನೆಗಳಲ್ಲಿ ಹೆಂಗಸರು ಆ ಉದ್ದವನ್ನು ಮನೆಯೊಳಗೆ ನೆಲದ ಮೇಲೆ ಎಳೆದುಕೊಂಡು ಓಡಾಡುತ್ತಿದ್ದರು. ಬೀದಿಗೆ ಇಳಿಯುವಾಗ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು, ಇಲ್ಲವೇ ಒಂದು ಪಟ್ಟಿಯಿಂದ ಎತ್ತಿ ಕಟ್ಟುತ್ತಿದ್ದರು. ಮೇಯಿಜಿ ಕಾಲದಲ್ಲಿ ಆ ಎತ್ತಿಕಟ್ಟು ಉಡುಪಿನ ಕಾಯಂ ಭಾಗವಾಯಿತು. ಇಂದಿನ ತರಗತಿಯಲ್ಲಿ ಅದು ಒಂದು ಸುಕ್ಕೂ ಇಲ್ಲದ ನೇರ ಗೆರೆಯಾಗಿರಬೇಕು.

ನೋಡಿ ಕಲಿಯುವ ಆ ಪರಂಪರೆ ಕಡಿದುಹೋದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1940ರ ಜುಲೈ 7ರಿಂದ ಜಾರಿಗೆ ಬಂದ ನಿಯಮ ಐಷಾರಾಮಿ ಬಟ್ಟೆಯ ತಯಾರಿಕೆ, ಮಾರಾಟಗಳನ್ನು ನಿಲ್ಲಿಸಿತು. 1942ರಲ್ಲಿ ಬಟ್ಟೆಗೂ ಪಡಿತರ ಚೀಟಿ ಬಂತು. ಕಿಮೋನೊಗಳ ಹೊಲಿಗೆ ಬಿಚ್ಚಿ ಮೊನ್ಪೆ ಎಂಬ ದೊಗಳೆ ಶರಾಯಿ ಹೊಲಿದರು. ಬಿಚ್ಚುವುದು ಕಷ್ಟವಾಗಿರಲಿಲ್ಲ. ಕಿಮೋನೊ ಇರುವುದೇ ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದು ಸುರುಳಿಯಿಂದ ನೇರವಾಗಿ ಕತ್ತರಿಸಿದ ತುಂಡುಗಳಲ್ಲಿ. ಒಗೆಯಬೇಕೆಂದರೂ ಬಿಚ್ಚಿ, ಪಟ್ಟಿ ಪಟ್ಟಿಯಾಗಿ ಒಗೆದು, ಹಲಗೆಯ ಮೇಲೆ ಒಣಗಿಸಿ, ಮತ್ತೆ ಹೊಲಿಯುತ್ತಿದ್ದರು. ಯುದ್ಧ ಮುಗಿದ ಮೇಲೆ ಹಸಿವು. ಪಟ್ಟಣದ ಹೆಂಗಸರು ಪೆಟ್ಟಿಗೆಯಲ್ಲಿದ್ದ ಕಿಮೋನೊಗಳನ್ನು ಒಂದೊಂದಾಗಿ ಹಳ್ಳಿಗೆ ಹೊತ್ತು ಅಕ್ಕಿ, ಗೆಣಸು ತಂದರು. ಬಿದಿರು ಕಳಲೆಯ ಸಿಪ್ಪೆ ಸುಲಿದಂತೆ ಒಂದೊಂದೇ ಪದರ ಕಳಚುವ ಆ ಬದುಕನ್ನು ಜನ ಕಳಲೆ ಬಾಳು ಎಂದೇ ಕರೆದರು. ನಮ್ಮ ಸೆನ್ಸೆಗೆ ಆಗ ಎಂಟು ವರ್ಷ. ಅವರಮ್ಮ ಮದುವೆಗೆ ತಂದಿದ್ದ ಕಿಮೋನೊಗಳು ತಾಂಬಾ ಬೆಟ್ಟದಾಚೆಯ ರೈತರ ಮನೆ ಸೇರಿದವು. "ಅಮ್ಮ ಉಟ್ಟದ್ದನ್ನು ನೋಡಿದ ನೆನಪು ನನಗೆ ಇಲ್ಲ, ಮಡಿಸಿ ಕಟ್ಟಿದ್ದನ್ನು ನೋಡಿದ ನೆನಪಿದೆ" ಎಂದು ಅವರು ಒಮ್ಮೆ ಓಬಿ ಮಡಿಸುತ್ತ ಹೇಳಿದ್ದರು.

ಹೀಗೆ ಬೆಳೆದ ಹುಡುಗಿಯರು 1960ರ ದಶಕದಲ್ಲಿ ಮದುವೆಯಾಗಿ, ಕೈಯಲ್ಲಿ ನಾಲ್ಕು ಕಾಸು ಬಂದು, ಕಿಮೋನೊ ಕೊಳ್ಳಬಲ್ಲವರಾದಾಗ ಅದನ್ನು ಉಡಲು ಅವರಿಗೆ ಬರುತ್ತಿರಲಿಲ್ಲ. ಕೇಳೋಣವೆಂದರೆ ಅಮ್ಮಂದಿರೂ ಮರೆತಿದ್ದರು. ಕಿತ್ಸುಕೆ, ಎಂದರೆ ಉಡುವ ಉಡಿಸುವ ಪಾಠ ಹೇಳುವ ಶಾಲೆಗಳು ಎದ್ದದ್ದು ಆ ಹೊತ್ತಿನಲ್ಲಿ. 1964ರಲ್ಲಿ ಯಾಮಾನಾಕಾ ನೊರಿಯೊ ಸೋದೊ ಎಂಬ ಹೆಸರಿನಲ್ಲಿ ಶಾಲೆ ಶುರುಮಾಡಿದರು. ಅವರೇ 1982ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಿಂದ ಹೊರನಾಡಿನವರಲ್ಲಿ ಅನೇಕರು ಈ ವಿದ್ಯೆಯನ್ನು ಮೊದಲು ತಿಳಿದರು. ಇನ್ನೂ ಎಷ್ಟೋ ಶಾಲೆಗಳು ಬಂದವು. ಹಂತಗಳು, ಪರೀಕ್ಷೆಗಳು, ಪ್ರಮಾಣಪತ್ರಗಳು ಬಂದವು. ಯಾವ ಸಮಾರಂಭಕ್ಕೆ ಯಾವ ದರ್ಜೆಯ ಕಿಮೋನೊ, ಅದಕ್ಕೆ ಯಾವ ಓಬಿ ಎಂಬ ಪಟ್ಟಿಗಳು ಗಟ್ಟಿಯಾದವು. ಕೊರಳ ಹಿಂದೆ ಮುಷ್ಟಿ ಹಿಡಿಸುವಷ್ಟು ಜಾಗ, ಟವೆಲ್ ಸುತ್ತಿ ಏರುತಗ್ಗಿಲ್ಲದಂತೆ ಮಾಡಿದ ಮೈ, ಗೆರೆ ಎಳೆದಂಥ ಒಹಾಶೊರಿ, ಎಲ್ಲವೂ ಪಾಠವಾಯಿತು. 2010ರಿಂದ ಸರ್ಕಾರವೇ ಇದನ್ನು ಕುಶಲ ಕೆಲಸವೆಂದು ಒಪ್ಪಿ ರಾಷ್ಟ್ರೀಯ ಪರೀಕ್ಷೆ ನಡೆಸುತ್ತಿದೆ.

ಈ ಶಾಲೆಗಳು ಇಲ್ಲದ ಸಂಪ್ರದಾಯವನ್ನು ಕಟ್ಟಿದವು, ಬಟ್ಟೆ ವ್ಯಾಪಾರಕ್ಕೆ ನೆರವಾದವು ಎಂದು ಟೀಕಿಸುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಹಳೆಯ ಚಿತ್ರಗಳ ಸಡಿಲ ಉಡುಗೆಯೇ ನನಗೆ ಹೆಚ್ಚು ಚೆಂದ, ಅದರಲ್ಲಿ ಹೆಂಗಸು ಉಸಿರಾಡುತ್ತಾಳೆ. ಇದನ್ನು ಸೆನ್ಸೆಗೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ದಿನಾ ಉಟ್ಟವರಿಗೆ ಸಡಿಲ ತಾನಾಗಿ ಬರುತ್ತದೆ. ತಿಂಗಳಿಗೆರಡು ಸಲ ಬರುವ ನಿಮಗೆ ಅದನ್ನು ನಾನು ಹೇಗೆ ಹೇಳಿಕೊಡಲಿ? ನಿಯಮ ಇದ್ದರೆ ಹೇಳಿಕೊಡಬಹುದು" ಅಂದರು. ಅವರೂ ಅಮ್ಮನಿಂದ ಕಲಿತವರಲ್ಲ, ಶಾಲೆಗೆ ಹೋಗಿ ಕಲಿತವರು. ಆ ತಲೆಮಾರಿನ ಗೃಹಿಣಿಯರು ಸಂಜೆಯ ತರಗತಿಗಳಲ್ಲಿ ಕಲಿತು, ತಮ್ಮ ಮನೆಯ ಒಳಕೋಣೆಗಳಲ್ಲಿ ಕಲಿಸದೆ ಹೋಗಿದ್ದರೆ ಓಬಿಗಳು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಉಳಿಯುತ್ತಿದ್ದವೇ ಹೊರತು ಬೆನ್ನ ಮೇಲಲ್ಲ. ಉಡುಪಿನ ಇತಿಹಾಸದ ಗ್ರಂಥಗಳಲ್ಲಿ ಈ ಹೆಂಗಸರಿಗೆ ಸಿಕ್ಕಿರುವ ಜಾಗ ಕಡಿಮೆ. ಶೋಗನ್ನರಿಗೆ, ನಟರಿಗೆ, ಬಣ್ಣಗಾರರಿಗೆ ಕೊಟ್ಟಷ್ಟೇ ಜಾಗ ಇವರಿಗೂ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇವರ ಕೆಲಸ ಎದ್ದು ಕಾಣುವ ದಿನ ಜನವರಿಯ ಎರಡನೆಯ ಸೋಮವಾರ. ಇಪ್ಪತ್ತು ತುಂಬಿದವರು ಊರಿನ ಸಭೆಗೆ ಬರುವ ಹಬ್ಬ. 1948ರ ಕಾನೂನಿನಂತೆ ರಜಾದಿನವಾದದ್ದು. 2022ರಲ್ಲಿ ಪ್ರಾಪ್ತ ವಯಸ್ಸು ಹದಿನೆಂಟಕ್ಕೆ ಇಳಿದರೂ ಹೆಚ್ಚಿನ ಊರುಗಳು ಇಪ್ಪತ್ತಕ್ಕೇ ಸಭೆ ನಡೆಸುತ್ತವೆ. ಹುಡುಗಿಯರು ಉದ್ದ ತೋಳಿನ ಫುರಿಸೊದೆ ಉಡುತ್ತಾರೆ, ಬಹುತೇಕ ಬಾಡಿಗೆಯದು. ಉಡಿಸುವವರು ಬೆಳಕು ಹರಿಯುವ ಮುಂಚೆಯೇ ಸೌಂದರ್ಯ ಮಳಿಗೆಗಳಿಗೆ ಹೋಗಿ ಸರದಿಯಲ್ಲಿ ಒಬ್ಬೊಬ್ಬರನ್ನೇ ಸಿದ್ಧಮಾಡುತ್ತಾರೆ. 2018ರ ಜನವರಿ 8ರಂದು ಒಂದು ಬಾಡಿಗೆ ಕಂಪನಿ ಹೇಳದೆ ಕೇಳದೆ ಬಾಗಿಲು ಹಾಕಿಬಿಟ್ಟಿತು. ಯೊಕೊಹಾಮಾ, ಹಾಚಿಯೋಜಿ ಊರುಗಳಲ್ಲಿ ನೂರಾರು ಹುಡುಗಿಯರು ಆ ಬೆಳಿಗ್ಗೆ ಉಡಲು ಬಟ್ಟೆಯಿಲ್ಲದೆ ನಿಂತರು. ಹಾಚಿಯೋಜಿಯಲ್ಲಿ ಸ್ಥಳೀಯ ಕಿಮೋನೊ ವ್ಯಾಪಾರಿಗಳು, ಉಡಿಸುವ ಹೆಂಗಸರು ಇದ್ದಬದ್ದ ಫುರಿಸೊದೆಗಳನ್ನು ತಂದು, ಕೈಲಾದಷ್ಟು ಹುಡುಗಿಯರಿಗೆ ಉಡಿಸಿ ಸಭೆಗೆ ಕಳಿಸಿದರು. ನಮ್ಮ ಸೆನ್ಸೆ ಈ ಸುದ್ದಿಯನ್ನು ಹೊಸ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತಾರೆ. ಹೇಳಿ, ಬಟ್ಟೆ ಹೇಗೋ ಸಿಕ್ಕೀತು, ಒಬ್ಬೊಬ್ಬಳಿಗೂ ಅಷ್ಟೊಂದು ಕಟ್ಟುದಾರಗಳು ಬೇಕಲ್ಲ, ಆ ಹೊತ್ತಿನಲ್ಲಿ ಅವನ್ನೆಲ್ಲ ಹೇಗೆ ಹೊಂದಿಸಿದರೋ ಎಂದು ಬೆರಗಿನಿಂದ ಕೇಳುತ್ತಾರೆ. ಅದಕ್ಕೇ ಅವರ ಚೀಲದಲ್ಲಿ ಯಾವಾಗಲೂ ಒಂದು ಕಟ್ಟು ಕೋಶಿಹಿಮೊ ಹೆಚ್ಚಿಗೆ ಇರುತ್ತದೆ. ಅವರ ಬಳಿ ಕಲಿತ ನಮ್ಮೆಲ್ಲರ ಚೀಲದಲ್ಲೂ.